ಓಗೊಡದವನ ಮೇಲೆ ನನ್ನ ಸಿಟ್ಟು

ಈಚೆಗೆ ದಾವಣಗೆರೆಯ ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರಿದವರ ಜೊತೆ ಅರ್ಧ ದಿನ ಕಳೆಯಲು ನನ್ನನ್ನು ಕರೆದಿದ್ದರು. ನಿವೃತ್ತನಾದ ಮೇಲೆ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಪೇಪರು ಓದಿಕೊಂಡು, ಗಿಡಕ್ಕೆ ನೀರು ಹಾಕಿಕೊಂಡು ಕೂತವನು ನಾನು. ಕರೆದದ್ದೇ ಖುಷಿಯಾಗಿ ಹೋದೆ. ಹಗ್ಗದ ಗಂಟು ಹೇಳಿಕೊಟ್ಟೆ. ಹೊಗೆಯೊಳಗೆ ಹೇಗೆ ತೆವಳಬೇಕು ಅಂತ ನೆಲದ ಮೇಲೆ ಬೋರಲು ಮಲಗಿ ತೋರಿಸಿದೆ. ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ಒಬ್ಬ ಎದ್ದು ನಿಂತ.

"ಸರ್, ಇಷ್ಟೆಲ್ಲ ಸಾವು ನೋಡೀರಿ. ದೇವರು ಅದಾನೆ ಅನ್ಸುತ್ತಾ ನಿಮಗೆ?"

ಯಾರೋ ಕಿಸಕ್ಕೆಂದರು. ನನಗೆ ಮೈ ಉರಿದುಹೋಯಿತು. ಕೇಳಿದವನ ಮೇಲಲ್ಲ. ಆ ಪ್ರಶ್ನೆಗೆ ಇಷ್ಟು ವರ್ಷ ಜನ ನನಗೆ ಕೊಟ್ಟ ಉತ್ತರಗಳ ಮೇಲೆ. "ಊಟಕ್ಕೆ ಏಳ್ರಿ" ಎಂದು ಮಾತು ಮುರಿದು ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಅದು ಸರಿಯಾಗಲಿಲ್ಲ ಅನ್ನಿಸಿತು. ಈ ಕೆಲಸಕ್ಕೆ ಬಂದವರನ್ನು ಆ ಪ್ರಶ್ನೆ ಬಿಡುವುದಿಲ್ಲ. ಹುಡುಗರೇ, ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದರಿಂದ ನಿಮಗೇನೂ ಆಗಬೇಕಾದ್ದಿಲ್ಲ. ಆ ಪ್ರಶ್ನೆ ನನ್ನನ್ನು ಹೇಗೆ ಹಿಡಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ನಾನು ಸೇರಿದಾಗ ಠಾಣೆಯಲ್ಲಿ ನಮಗೆಲ್ಲ ಹಿರಿಯರೆಂದರೆ ನಜೀರ್ ಸಾಹೇಬರು. ಐದು ಹೊತ್ತು ನಮಾಜು ಮಾಡುವ ಮನುಷ್ಯ. ಬಾಯಿ ಮಾತ್ರ ಒರಟು. ಆಯುಧಪೂಜೆಗೆ ಜಲವಾಹನ ತೊಳೆಯುವುದರಲ್ಲಿ ಅವರದೇ ಮುಂದಾಳುತನ. ಒಂದು ವರ್ಷ ನಮ್ಮ ಡ್ರೈವರ್ ತಿಪ್ಪೇಸ್ವಾಮಿ ಭಕ್ತಿ ಹೆಚ್ಚಾಗಿ ಗಾಡಿಗೆ ಎರಡೂ ಕಡೆ ಬಾಳೆಕಂದು ಬಿಗಿದ, ಚೆಂಡು ಹೂವಿನ ಸರವನ್ನು ಹಿಂದಿನ ಬಾಗಿಲುಗಳಿಗೆ ಸುತ್ತಿ ಸುತ್ತಿ ಕಟ್ಟಿದ. ಮಂಗಳಾರತಿ ಆಗುವ ಹೊತ್ತಿಗೆ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಿದೆಯೆಂದು ಕರೆ ಬಂತು. ಹಾಗೇ ಓಡಿದೆವು. ಊರ ಜನ ಮೆರವಣಿಗೆ ಅಂದುಕೊಂಡು ಕೈ ಮುಗಿದರು. ಅಲ್ಲಿ ಹೋಗಿ ಇಳಿದರೆ ಪೈಪು ಇಟ್ಟ ಬಾಗಿಲು ತೆರೆಯಲು ಬರದು. ದಾರ ನೆನೆದು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಹರಿದೆವು. ಅಷ್ಟರಲ್ಲಿ ಒಂದು ಸಾಲು ಹತ್ತಿ ಮೂಟೆ ಪೂರ್ತಿ ಹೊತ್ತಿಕೊಂಡಿತ್ತು.

ವಾಪಸು ಬಂದ ಮೇಲೆ ನಜೀರ್ ಸಾಹೇಬರು ತಿಪ್ಪೇಸ್ವಾಮಿಯನ್ನು ಎಲ್ಲರ ಎದುರಿಗೆ ನಿಲ್ಲಿಸಿದರು. "ಪೂಜೆ ಮಾಡು, ಬ್ಯಾಡ ಅನ್ನಲ್ಲ. ಬಾಗ್ಲು ಕಟ್ಟಬ್ಯಾಡ. ನಾವು ಬರ್ತೀವಿ ಅಂತ ಅಲ್ಲಿ ಒಬ್ಬ ಕಾಯ್ತಿರ್ತಾನೆ. ಅವನಿಗೆ ನಿನ್ನ ಹೂವು ಬ್ಯಾಕಾಗಿಲ್ಲ" ಎಂದರು.

ಆಗ ನಾನೂ ನಕ್ಕಿದ್ದೆ. ಆ ಕಾಲಕ್ಕೆ ನನಗೆ ದೇವರ ಜೊತೆ ತಕರಾರು ಇರಲಿಲ್ಲ. ಮನೆಯಿಂದ ಹೊರಡುವಾಗ ವಿಭೂತಿ ಹಚ್ಚುತ್ತಿದ್ದೆ; ಬಾವಿಗೆ ಇಳಿಯುವಾಗ ಶಿವಾ ಅನ್ನುತ್ತಿದ್ದೆ. ಬಾವಿಗೆ ಬಿದ್ದವರನ್ನು ಪಾತಾಳಗರಡಿ ಬಿಟ್ಟು ತಡಕುತ್ತಿದ್ದ ಕಾಲ ಅದು. ಕೊಕ್ಕೆಗಳ ಗೊಂಚಲಿನಂಥ ಆ ಸಾಧನ ಕೆಲವು ಸಲ ಹೆಣದ ಬದಲು ಯಾರದೋ ಹಳೇ ಕೊಡ ಎತ್ತಿ ತರುತ್ತಿತ್ತು. ಈಗ ನೀರೊಳಗೆ ಇಳಿಸುವ ಕ್ಯಾಮೆರಾ ಬಂದಿದೆ, ರಬ್ಬರ್ ದೋಣಿ ಬಂದಿದೆ, ಮಣ್ಣಿನಡಿಯ ಸಣ್ಣ ಸದ್ದನ್ನೂ ಹಿಡಿಯುವ ಯಂತ್ರ ಬಂದಿದೆ. ಬರಲಿ. ಆದರೆ ಒಂದು ವಿಧಾನ ಮಾತ್ರ ನನ್ನ ಮೊದಲ ದಿನದಿಂದ ಇವತ್ತಿನವರೆಗೆ ಬದಲಾಗಿಲ್ಲ: ಕೂಗುವುದು. ಹೊಗೆಯೊಳಗೆ ಹೋಗಲಿ, ಬಿದ್ದ ಮನೆಯ ಮುಂದೆ ನಿಲ್ಲಲಿ, ಮೊದಲು ಕೂಗಬೇಕು. ಸಿಕ್ಕಿಹಾಕಿಕೊಂಡವನಿಗೆ ನಾವು ಕಾಣುವುದಿಲ್ಲ. ಕತ್ತಲು, ಧೂಳು, ಕಣ್ಣ ಮೇಲೆ ಮಣ್ಣು. ಹಾಗಾಗಿ ದನಿ ಮುಟ್ಟಿಸಬೇಕು. ಯಾರೋ ಬಂದಿದ್ದಾರೆ ಎಂದು ತಿಳಿದರೆ ಮನುಷ್ಯ ಜೀವ ಹಿಡಿದುಕೊಳ್ಳುತ್ತಾನೆ. ಕೂಗಿ, ಎಲ್ಲರೂ ಉಸಿರು ಹಿಡಿದು ನಿಂತು, ಉತ್ತರಕ್ಕೆ ಕಿವಿಗೊಡಬೇಕು. ಮತ್ತೆ ಕೂಗಬೇಕು.

ಹಳೇ ದಾವಣಗೆರೆಯ ಒಂದು ವಠಾರದಲ್ಲಿ ಮನೆ ಕುಸಿದ ದಿನವೂ ಹಾಗೇ ಕೂಗಿದೆ.

ಬಿಡದೆ ಹಿಡಿದ ಮಳೆಗೆ ಮಣ್ಣಿನ ಗೋಡೆ ನೆನೆದು, ಒಂದಕ್ಕೊಂದು ಅಂಟಿಕೊಂಡ ಎರಡು ಮನೆ ಬೆಳಗಿನ ತಿಂಡಿಯ ಹೊತ್ತಿಗೆ ಕೂತುಬಿಟ್ಟಿದ್ದವು. ನಡುವೆ ಇದ್ದದ್ದು ಒಂದೇ ಗೋಡೆ. ಬಲಗಡೆ ಮನೆ ಮುರುಗೇಂದ್ರಪ್ಪ ಎಂಬ ಕಿರಾಣಿ ಅಂಗಡಿಯವರದು. ಅವರ ಮೊಮ್ಮಗ ಚೇತನ್, ಇನ್ನೂ ಶಾಲೆಗೆ ಸೇರದ ಮಗು, ಒಳಗಿದ್ದ. ಎಡಗಡೆ ಮನೆ ಶಕುಂತಲಮ್ಮನದು. ಗಂಡ ತೀರಿಕೊಂಡ ಮೇಲೆ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೂಲಿ ಮಾಡಿ ಮಗಳನ್ನು ಸಾಕುತ್ತಿದ್ದ ಹೆಂಗಸು. ಅವಳು ನಸುಕಿನಲ್ಲೇ ಭಟ್ಟಿಗೆ ಹೋಗಿದ್ದಳು. ಮಗಳು ಸಿಂಚನ ಮೂರನೇ ಕ್ಲಾಸು. ತಲೆ ಬಾಚಿಕೊಂಡು ಶಾಲೆಗೆ ಹೊರಡುತ್ತಿದ್ದಳಂತೆ.

ನಾನು ಆಗ ತಂಡದ ಮುಂದಾಳು. ಬಿದ್ದ ಜಂತಿಯ ಸಂದಿಗೆ ಬಾಯಿ ಇಟ್ಟು ಕೂಗಿದೆ. ಬಲಗಡೆಯಿಂದ ತಟ್ಟೆ ಬಡಿದ ಸದ್ದು ಬಂತು. ಎಡಗಡೆಯಿಂದ ಏನೂ ಬರಲಿಲ್ಲ. ಸದ್ದು ಬಂದ ಕಡೆ ಮೊದಲು ಅಗೆಯಬೇಕು. ಅದೇ ನಿಯಮ, ಅದೇ ಸರಿ. ಇವತ್ತಿಗೂ ಅದನ್ನೇ ಹೇಳುತ್ತೇನೆ. ಅರ್ಧ ಜನರನ್ನು ಎಡಗಡೆಗೂ ಹಾಕಿದೆ. ಆ ಹೊತ್ತಿಗೆ ಠಾಣಾಧಿಕಾರಿಯಾಗಿದ್ದ ನಜೀರ್ ಸಾಹೇಬರೂ ಅಲ್ಲಿ ನಿಂತು ಬರಿಗೈಯಲ್ಲಿ ಮಣ್ಣು ತೆಗೆದರು. ಶಕುಂತಲಮ್ಮ ಭಟ್ಟಿಯಿಂದ ಓಡಿ ಬಂದಳು. ಸೆರಗು, ತಲೆಗೂದಲು ಎಲ್ಲ ಹೊಟ್ಟಿನ ಮಸಿ. ಅವಳು ಅಳಲಿಲ್ಲ. ನಾವು ಕೂಗಿದಾಗಲೆಲ್ಲ ಅವಳೂ ಕೂಗಿದಳು. ನಾವು ಸುಮ್ಮನಾದಾಗ ಅವಳೂ ಸುಮ್ಮನಾಗಿ, ಆ ಮಣ್ಣಿನ ಗುಪ್ಪೆಯ ಕಡೆ ತಲೆ ಓರೆ ಮಾಡಿ ಕೇಳಿಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಚೇತನ್ ಸಿಕ್ಕ. ಕಬ್ಬಿಣದ ಮಂಚದ ಕೆಳಗೆ, ತಟ್ಟೆ ಹಿಡಿದುಕೊಂಡೇ. ಕಾಲು ಮುರಿದಿತ್ತು, ಅಷ್ಟೇ. ಜನ ಚಪ್ಪಾಳೆ ತಟ್ಟಿದರು, ಹರಹರ ಮಹಾದೇವ ಎಂದರು. ಚಪ್ಪಾಳೆಯ ಸದ್ದಿನಲ್ಲಿ ಎಡಗಡೆಯಿಂದ ಉತ್ತರ ಬಂದಿದ್ದರೂ ನಮಗೆ ಕೇಳಿಸುತ್ತಿರಲಿಲ್ಲ. "ಬಾಯಿ ಮುಚ್ರೀ!" ಎಂದು ನಾನು ಚೀರಿದ್ದು ನೆನಪಿದೆ.

ಸಿಂಚನ ಸಂಜೆಗೆ ಸಿಕ್ಕಳು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಇನ್ನೂ ಹೆಣೆದಿರಲಿಲ್ಲ. ಗೋಡೆ ಬಿದ್ದಾಗಲೇ ಹೋದಳೋ, ಒಂದಷ್ಟು ಹೊತ್ತು ಇದ್ದಳೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಎಂದಿನಂತೆ ಮನೆಗೆ ಹೋಗಿ, ಸ್ನಾನ ಮಾಡಿ, ಎರಡು ದಿನ ಯಾರ ಜೊತೆಯೂ ಮಾತಾಡದೆ ಇದ್ದು, ಮತ್ತೆ ಡ್ಯೂಟಿಗೆ ಬರುತ್ತಿದ್ದೆ. ಆದರೆ ಮುರುಗೇಂದ್ರಪ್ಪನವರು ಮೊಮ್ಮಗ ಉಳಿದ ಸಂತೋಷಕ್ಕೆ ಎಂ.ಸಿ.ಸಿ. ಬಡಾವಣೆಯ ಒಂದು ಸಭಾಭವನದಲ್ಲಿ ಪೂಜೆ, ಊಟ, ನಮ್ಮ ತಂಡಕ್ಕೆ ಸನ್ಮಾನ ಇಟ್ಟುಕೊಂಡರು. ಒಳ್ಳೆಯ ಮನುಷ್ಯ ಅವರು. ಅವರ ಸಂತೋಷ ನಿಜವಾದದ್ದು. ನಾವು ಯೂನಿಫಾರ್ಮ್ ತೊಟ್ಟು ವೇದಿಕೆಯ ಮೇಲೆ ಕೂತೆವು. ಒಬ್ಬ ಪ್ರವಚನಕಾರರು ಮಾತಾಡಿದರು. ಇಂಪಾದ ಕಂಠ.

"ಆ ಗೋಡೆಗೂ ಈ ಮಗುವಿಗೂ ನಡುವೆ ಭಗವಂತ ನಿಂತಿದ್ದ. ಯಾರಿಗೂ ಕಾಣಲಿಲ್ಲ. ಯಾಕೆ ಕಾಣುವುದಿಲ್ಲ ಅವನು? ಕಂಡುಬಿಟ್ಟರೆ ನಂಬುವುದರಲ್ಲಿ ಹೆಚ್ಚಳವೇನು? ಸೂರ್ಯ ಇದ್ದಾನೆ ಅಂತ ಯಾರಾದರೂ ನಂಬುತ್ತಾರೆಯೇ? ನೋಡುತ್ತಾರೆ. ನಮ್ಮ ಪ್ರೀತಿಗೆ ಬೆಲೆ ಬರಲಿ ಅಂತಲೇ ಅವನು ಮರೆಯಾಗಿದ್ದಾನೆ. ನಾವು ಹುಡುಕಲಿ ಅಂತ ಅಡಗಿದ್ದಾನೆ."

ಜನ ತಲೆದೂಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ತಿಪ್ಪೇಸ್ವಾಮಿಯೂ ತಲೆದೂಗಿದ. ನನ್ನ ಕಣ್ಣೆದುರಿಗೆ ಹೆಣೆಯದ ಆ ಜಡೆ ಬಂತು. ಸನ್ಮಾನಕ್ಕೆ ಎರಡು ಮಾತು ಹೇಳಿ ಎಂದು ಮೈಕು ಕೊಟ್ಟಾಗ ನಾನು ಕೈ ಜೋಡಿಸಿ ಕೂತುಕೊಳ್ಳಬೇಕಿತ್ತು.

"ಆ ಗೋಡೆಗೆ ಎರಡು ಮಗ್ಗಲು ಇದ್ವು" ಎಂದೆ. "ಆ ಕಡೆ ಸಿಂಚನ ಅಂತ ಒಂದು ಹುಡುಗಿ ಇದ್ಲು. ಈ ಭವನದಾಗೆ ಇಷ್ಟೊತ್ತು ಯಾರೂ ಅವಳ ಹೆಸರು ಹೇಳ್ಲಿಲ್ಲ. ದೇವರು ಈ ಕಡೆ ನಿಂತಿದ್ದ ಅಂದ್ರೆ ಆ ಕಡೆಗೆ ಬೆನ್ನು ಮಾಡಿ ನಿಂತಿದ್ದ ಅಂತಾಯ್ತು. ಹುಡುಕಲಿ ಅಂತ ಅಡಗ್ಯಾನಂತೆ. ಮಣ್ಣಿನ ಕೆಳಗೆ ಸಿಕ್ಕೊಂಡಿರೋ ಮಗು ಯಾರನ್ನ ಹುಡುಕ್ಬೇಕ್ರಿ? ನಮ್ಮ ಇಲಾಖೆಯೊಳಗೆ ಕರೆ ಬಂದ ಮ್ಯಾಲೆ ಅಡಗಿ ಕೂತೋನನ್ನ ಕೆಲಸದಿಂದ ತೆಗೀತಾರೆ. ಪೂಜೆ ಮಾಡಲ್ಲ."

ಮುಂದೆ ಇನ್ನೇನೋ ಹೇಳಲಿದ್ದೆ, ಮೈಕು ಆರಿತು. ಹಿಂದಿನಿಂದ ಯಾರೋ ಬೈದರು. ಪ್ರವಚನಕಾರರು ನಸುನಗುತ್ತ ಕೂತಿದ್ದರು. ಆ ನಗು ನೋಡಿ ನನಗೆ ಇನ್ನೂ ರೇಗಿತು. ಮುರುಗೇಂದ್ರಪ್ಪನವರು ಮಾತ್ರ ನನ್ನ ಕೈ ಹಿಡಿದು, "ನಮ್ಮ ಹುಡುಗ ಉಳಿದದ್ದಕ್ಕೆ ನಾವು ಖುಷಿ ಪಡಬಾರ್ದೇನ್ರೀ?" ಎಂದು ಕಣ್ಣು ತುಂಬಿಕೊಂಡು ಕೇಳಿದರು. ಖುಷಿ ಪಡಬೇಡಿ ಎಂದು ನಾನು ಎಲ್ಲಿ ಹೇಳಿದ್ದೆ? ಊಟ ಮಾಡದೆ ಹೊರಟುಬಂದೆ.

ಯೂನಿಫಾರ್ಮಿನಲ್ಲಿ ನಿಂತು ಜನರ ಭಾವನೆಗೆ ನೋವು ಮಾಡಿದನೆಂದು ಮೇಲಿನವರಿಗೆ ದೂರು ಹೋಯಿತು. ವಿಚಾರಿಸುವ ಕೆಲಸ ನಜೀರ್ ಸಾಹೇಬರ ಪಾಲಿಗೇ ಬಂತು. ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡು ಹಾಲೇಶ, ನೀನು ಕೇಳಿದ್ದು ತಪ್ಪಲ್ಲ. ಆ ಜಾಗದಾಗೆ ಕೇಳಿದ್ದು ತಪ್ಪು."

"ಯಾವ ಜಾಗದಾಗೆ ಕೇಳ್ಬೇಕಿತ್ತು ಸಾಹೇಬ್ರೆ? ಅವನ ವಿಳಾಸ ಕೊಡ್ರಿ, ಹೋಗಿ ಅಲ್ಲೇ ಕೇಳ್ತೀನಿ."

"ನಾನು ದಿನಕ್ಕೆ ಐದು ಸಲ ಕರೀತೀನಿ. ಒಂದ್ ಸಲನೂ ಉತ್ತರ ಬಂದಿಲ್ಲ" ಎಂದರು. ಹಾಗೆ ಅವರು ಹೇಳಬಹುದೆಂದು ನಾನು ಎಣಿಸಿರಲಿಲ್ಲ. "ಆದ್ರೂ ಕರೀತೀನಿ. ನೀನು ಮಣ್ಣಿನ ಗುಡ್ಡೆ ಮುಂದೆ ನಿಂತು, ಉತ್ತರ ಬರ್ದಿದ್ರೂ ಯಾಕ ಕೂಗ್ತೀಯ? ಇರಬಹುದು ಅಂತ ತಾನೆ?"

ಬೇರೆ ಯಾವತ್ತಾದರೂ ಹೇಳಿದ್ದರೆ ಈ ಮಾತು ನನ್ನನ್ನು ಸಮಾಧಾನ ಮಾಡುತ್ತಿತ್ತೋ ಏನೋ. ಅವತ್ತು ಇನ್ನಷ್ಟು ಕೆರಳಿಸಿತು. ಮೇಜಿನ ಮೇಲೆ ಕೈ ಬಡಿದೆ.

"ಸಾಹೇಬ್ರೆ, ಉಲ್ಟಾ ಮಾಡ್ಬ್ಯಾಡ್ರಿ. ಮಣ್ಣಿನ ಕೆಳಗೆ ಸಿಕ್ಕೊಂಡಿರೋರು ನಾವು. ಕೂಗ್ಬೇಕಾದೋನು ಅವನು."

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಹೌದಪ್ಪಾ" ಅಂದರು. "ಅದಕ್ಕೆ ನನ್ನ ಹತ್ರ ಜವಾಬಿಲ್ಲ." ಎದ್ದು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಮಾಡಲು ನಲ್ಲಿಯ ಕಡೆ ಹೋದರು. ನನ್ನ ಇಡೀ ಬದುಕಿನಲ್ಲಿ ಈ ವಿಷಯದ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಿದ ಆಸ್ತಿಕ ಅವರೊಬ್ಬರೇ. ವಾರದೊಳಗೆ ಮೇಲಿನವರು ನನ್ನನ್ನು ಹರಿಹರಕ್ಕೆ ಹಾಕಿದರು.

ಹರಿಹರದಲ್ಲಿ ಬೆಂಕಿಗಿಂತ ನೀರಿನ ಕೆಲಸ ಹೆಚ್ಚು. ತುಂಗಭದ್ರೆಯಲ್ಲಿ ಮುಳುಗಿದವರನ್ನು ಹುಡುಕುವುದು. ಮೇಲಿನಿಂದ ನೋಡಿದರೆ ಮೊಣಕಾಲು ಮುಳುಗುವಷ್ಟು ನೀರು. ಎರಡು ಹೆಜ್ಜೆ ಮುಂದಿಟ್ಟರೆ ಆಳೆತ್ತರದ ಗುಂಡಿ. ಕದ್ದು ಮರಳು ತೋಡಿದವರು ಬಿಟ್ಟುಹೋದ ಗುಂಡಿಗಳು ಅವು. ಹಬ್ಬಕ್ಕೆ ಸ್ನಾನ ಮಾಡಲು ಬಂದ ಒಂದು ಸಂಸಾರದ ಮಗ, ಮದುವೆ ಗೊತ್ತಾಗಿದ್ದ ಹುಡುಗ, ಅಂಥ ಒಂದು ಗುಂಡಿಯಲ್ಲಿ ಹೋದ. ಅವನ ತಂದೆ ಕರಿಬಸಪ್ಪ, ಹಿಂದೆ ಕಾಟನ್ ಮಿಲ್ಲಿನಲ್ಲಿ ನೂಲು ತೆಗೆದವರು, ಹೊಳೆಯ ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ. ನಾವು ದೋಣಿಯಲ್ಲಿ ಹುಡುಕುವುದನ್ನೇ ನೋಡುತ್ತಿದ್ದರು.

ದಡದಲ್ಲಿ ಒಬ್ಬ ಬಿಳಿ ಅಂಗಿಯವನು ಜನರಿಗೆ ಹೇಳುತ್ತಿದ್ದ: "ಏನ್ ಮಾಡಕ್ಕಾಗುತ್ತೆ, ವರ್ಷಕ್ಕೊಂದು ಜೀವ ತಗೊಂತಾಳೆ ಹೊಳೆ ತಾಯಿ. ದೇವರ ಆಟ." ಅವನ ಮರಳಿನ ಟ್ರ್ಯಾಕ್ಟರು ಆ ದಡದಲ್ಲಿ ಓಡಾಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ದೋಣಿಯಿಂದ ಇಳಿದವನೇ ಒದ್ದೆ ಬಟ್ಟೆಯಲ್ಲಿ ಅವನ ಮುಂದೆ ಹೋಗಿ ನಿಂತೆ.

"ಗುಂಡಿ ತೋಡಿದ್ದು ತಾಯಿನೋ ನೀನೋ?"

ಅವನು ಹಿಂದೆ ಸರಿದು ಜನರೊಳಗೆ ಸೇರಿಕೊಂಡ. ನನಗೆ ಅವತ್ತು ಒಂದು ವಿಷಯ ತಿಳಿಯಿತು. ದೇವರು ಕಾಣದಿರುವುದರಿಂದ ಎಲ್ಲಕ್ಕಿಂತ ಅನುಕೂಲ ಆಗಿರುವುದು ಇಂಥವರಿಗೆ. ದೇವರು ಎದುರಿಗಿದ್ದಿದ್ದರೆ "ನಾನಲ್ಲ" ಅನ್ನುತ್ತಿದ್ದ. ಕಾಣದವನ ಹೆಸರಿಗೆ ಏನು ಬರೆದರೂ ಬಂದು ಕೇಳುವುದಿಲ್ಲ. ಹುಡುಗರೇ, ನೀವು ಹೋದ ಕಡೆಯಲ್ಲೆಲ್ಲ "ದೇವರ ಇಚ್ಛೆ" ಎಂದು ಯಾರಾದರೂ ಅವಸರದಿಂದ ಹೇಳಿದರೆ, ಮೊದಲು ಅವನ ಕೈ ನೋಡಿ.

ಮಾರನೇ ದಿನ ಹುಡುಗ ಸಿಕ್ಕ. ಕರಿಬಸಪ್ಪನವರು ಮಗನ ಮುಖ ಒರೆಸಿ, ಯಾರನ್ನೋ ಕಳಿಸಿ ಒಂದು ತೆಂಗಿನಕಾಯಿ ತರಿಸಿ, ನೀರಿಗಿಳಿದು ಒಡೆಯಲು ಹೋದರು. ನನಗೆ ತಡೆಯಲಾಗಲಿಲ್ಲ.

"ಯಜಮಾನ್ರೆ, ಯಾರಿಗೆ ಒಡೀತೀರಿ? ಮಗನ್ನ ಕೊಟ್ಟು ಕಾಯಿನೂ ಕೊಡ್ತೀರಾ?"

"ಸಿಕ್ಕನಲ್ಲಪ್ಪಾ" ಎಂದರು. "ಸಿಗ್ದೇ ಹೋದೋರು ಎಷ್ಟು ಮಂದಿ ಅದಾರೆ. ನನ್ನ ಮಗ ಸಿಕ್ಕ."

ಕಾಯಿ ಒಡೆದರು. ನಾನು ಅವರ ರಟ್ಟೆ ಹಿಡಿದು ನಿಂತೆ. ಅಷ್ಟು ಕಡಿಮೆಗೆ ತೃಪ್ತಿಪಡುವ ಜನರಿಂದ ಅಡಗಿ ಕೂರುವುದಕ್ಕೆ ಎಂಥ ಮನಸ್ಸು ಬೇಕು! ನನ್ನ ಸಿಟ್ಟು ಆ ದಿನ ಇದ್ದಷ್ಟು ಇನ್ನೆಂದೂ ಇರಲಿಲ್ಲ. ಗುಂಡಿಯ ಬಗ್ಗೆ ಕಚೇರಿ ಕಚೇರಿಗೆ ತಿರುಗಿದೆ. ಕರಿಬಸಪ್ಪನವರನ್ನೂ ಜೊತೆಗೆ ಕರೆದೊಯ್ದೆ. ಕೊನೆಗೆ ಆ ದಡಕ್ಕೆ ಟ್ರ್ಯಾಕ್ಟರು ಇಳಿಯದ ಹಾಗೆ ಕಂದಕ ತೆಗೆದರು. ಎಚ್ಚರಿಕೆಯ ಫಲಕವೂ ಬಂತು. ಬಿಳಿ ಅಂಗಿಯವನಿಗೆ ಏನೂ ಆಗಲಿಲ್ಲ. ಅವನು ಈಗ ಇನ್ನೊಂದು ದಡದಲ್ಲಿ ಇದ್ದಾನೆ ಎಂದು ಕೇಳಿದ್ದೇನೆ.

ಹಾಗಾದರೆ ನಂಬಿಕೆ ಬಿಟ್ಟೆಯಾ ಎಂದು ಕೇಳುತ್ತೀರಿ. ನನ್ನ ಹೆಂಡತಿ ಗಿರಿಜಾಳೂ ಅದನ್ನೇ ಕೇಳುತ್ತಾಳೆ. ಅವಳ ಜೊತೆ ಗುಡಿಗೆ ಹೋಗುತ್ತೇನೆ. ಕೈ ಮುಗಿಯುವುದಿಲ್ಲ. ಅವಳು ಮಂಗಳಾರತಿ ತೆಗೆದುಕೊಳ್ಳುವವರೆಗೆ ಕಂಬದ ಪಕ್ಕ ನಿಂತು ಒಳಗೆ ನೋಡುತ್ತೇನೆ. "ಇಲ್ಲ ಅಂದ್ಮ್ಯಾಲೆ ಯಾರ ಮ್ಯಾಲೆ ಸಿಟ್ಟು ಮಾಡ್ತೀರಿ?" ಎಂದು ಅವಳು ನನ್ನನ್ನು ಸಿಕ್ಕಿಸಿಹಾಕಲು ನೋಡುತ್ತಾಳೆ. ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಇದ್ದಾನೆ ಅಂತ ಹೇಳಿಕೊಂಡು ಅವನ ಪರವಾಗಿ ಸಬೂಬು ಹೇಳಲು ಮಾತ್ರ ನನ್ನಿಂದ ಆಗದು. ಇದ್ದರೆ, ಅವನೇ ಬಂದು ಹೇಳಲಿ. ಅಲ್ಲಿಯವರೆಗೆ ಹೋದ ಜನ್ಮದ ಕರ್ಮ, ಭಕ್ತರ ಪರೀಕ್ಷೆ, ನಮ್ಮ ಕಣ್ಣಿಗೆ ಕವಿದ ಮಾಯೆ, ಇವನ್ನೆಲ್ಲ ಯಾರೂ ನನ್ನ ಮುಂದೆ ತರಬೇಡಿ. ಅದಕ್ಕಿಂತ ಮುಖ್ಯವಾಗಿ, ಮಗು ಕಳೆದುಕೊಂಡವರ ಮುಂದೆ ತರಬೇಡಿ.

ಇನ್ನೊಂದು ಸಂಗತಿ ಬರೆದು ನಿಲ್ಲಿಸುತ್ತೇನೆ. ನಾನು ಹರಿಹರದಲ್ಲಿದ್ದಾಗಲೇ ಒಂದು ಮಧ್ಯಾಹ್ನ ಶಕುಂತಲಮ್ಮ ಬಸ್ಸಿಳಿದು ಠಾಣೆ ಹುಡುಕಿಕೊಂಡು ಬಂದಳು. ಮಗಳು ಹೋಗಿ ವರ್ಷದ ಮೇಲಾಗಿತ್ತು. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ಅದನ್ನು ನನ್ನ ಕೈಗಿಟ್ಟು ಬೆಂಚಿನ ಮೇಲೆ ಕೂತಳು. ನಾನು ನೀರು ಕೊಟ್ಟೆ.

"ಅಣ್ಣಾರೆ, ಅವತ್ತು ಸನ್ಮಾನದಾಗೆ ನನ್ನ ಮಗಳ ಹೆಸ್ರು ಹೇಳಿದ್ರಂತೆ. ಅದಕ್ಕೇ ನಿಮ್ಮನ್ನ ಇಲ್ಲಿಗೆ ಹಾಕಿದ್ರಂತೆ."

"ಅದೆಲ್ಲ ಇರ್ಲಿ ಬಿಡಮ್ಮ."

ದೇವರ ಬಗ್ಗೆ ಕೇಳಲು ಬಂದಿದ್ದಾಳೆ ಅಂದುಕೊಂಡೆ. ಯಾಕೆ ನನ್ನ ಮಗಳು, ಯಾಕೆ ಆ ಮನೆಯ ಹುಡುಗನಲ್ಲ ಎಂದು ಕೇಳುತ್ತಾಳೆ. ನಾನೂ ಅವಳೂ ಸೇರಿ ಅವನನ್ನು ಬೈಯುತ್ತೇವೆ ಎಂದು ಒಳಗೇ ಸಿದ್ಧನಾದೆ. ಅವಳಿಗೆ ದೇವರ ವಿಚಾರ ಬೇಕಿರಲಿಲ್ಲ.

"ನಾನು ಭಟ್ಟಿಯಿಂದ ಬರೋಕ್ಕಿಂತ ಮೊದ್ಲಿಂದ ನೀವು ಕೂಗ್ತಿದ್ರಿ ಅಲ್ವಾ? ಅದು ಅವಳಿಗೆ ಕೇಳಿಸಿತ್ತಾ?"

ಕೇಳಿಸಿತ್ತು ಎಂದುಬಿಡಬಹುದಿತ್ತು. ಪ್ರವಚನಕಾರರಾಗಿದ್ದರೆ ಇಂಪಾಗಿ ಹೇಳಿರುತ್ತಿದ್ದರು.

"ಗೊತ್ತಿಲ್ಲ ಶಕುಂತ್ಲಮ್ಮ. ನಾನು ಸುಳ್ಳು ಹೇಳಲ್ಲ. ಆದ್ರೆ ಆ ಸಂದಿಯೊಳಗೆ ಬಾಯಿ ಇಟ್ಟೇ ಕೂಗಿದ್ದೆ. ಅವಳು ಇದ್ದಿದ್ರೆ ಕೇಳ್ಸುವಷ್ಟು ಜೋರಾಗಿ."

"ನನಗೆ ಆ ದನಿ ಸರಿಯಾಗಿ ನೆನಪಿಲ್ಲ" ಎಂದಳು. "ಅವತ್ತು ನನ್ನ ತಲ್ಯಾಗೆ ಬರೀ ಗುಂಯ್ ಅಂತಿತ್ತು. ಹೆಂಗೆ ಕೂಗಿದ್ರಿ? ಒಂದ್ ಸಲ ಕೂಗ್ರಿ ಅಣ್ಣಾ."

"ಇಲ್ಲೇನಾ?"

"ಹ್ಞೂಂ. ಅವತ್ತು ಕೂಗಿದಂಗೇ."

ನಾನು ಎದ್ದು ನಿಂತೆ. ಠಾಣೆಯ ಅಂಗಳದಲ್ಲಿ ಬಿಸಿಲು. ಹುಡುಗರು ಪೈಪು ಹರವಿ ಒಣಹಾಕುತ್ತಿದ್ದರು. ಕೈಗಳನ್ನು ಬಾಯಿಯ ಎರಡೂ ಪಕ್ಕಕ್ಕೆ ಹಿಡಿದು, ಎದೆಯಲ್ಲಿದ್ದಷ್ಟು ಉಸಿರನ್ನೂ ಹಾಕಿ ಕೂಗಿದೆ.

"ಯಾರಿದ್ದೀರೀ! ನಾವು ಬಂದೀವೀ! ಹೆದರಬ್ಯಾಡ್ರೀ! ನಾವು ಬಂದೀವೀ!"

ಹುಡುಗರು ಪೈಪು ಬಿಟ್ಟು ಓಡಿ ಬಂದರು. ಹೊರಗೆ ರಸ್ತೆಯಲ್ಲಿ ಒಂದು ಬೈಕು ನಿಂತಿತು. ನಾನು ಕೈಯೆತ್ತಿ ಎಲ್ಲರನ್ನೂ ತಡೆದೆ. ಶಕುಂತಲಮ್ಮ ಬೆಂಚಿನ ಮೇಲೆ ಕಣ್ಣು ಮುಚ್ಚಿ, ಮೊಣಕಾಲು ಎದೆಗೆ ಎಳೆದುಕೊಂಡು, ಎರಡೂ ಕೈಯನ್ನು ತಲೆಯ ಮೇಲೆ ಹೊತ್ತು, ಮಣ್ಣಿನಡಿಯಲ್ಲಿ ಸಿಕ್ಕಿಕೊಂಡವರು ಹೇಗಿರುತ್ತಾರೋ ಹಾಗೆ ಮುದುಡಿ ಕೂತಿದ್ದಳು.

"ಇನ್ನೊಂದ್ ಸಲ" ಎಂದಳು.

ಕೂಗಿದೆ.